ಹಾರ ಬಿದ್ದದ್ದು ಗಂಡನ ಕೊರಳಿಗೆ

ಹೆದ್ದಾರಿ ಬದಿಯಲ್ಲಿ ಈರುಳ್ಳಿ ಗೊಂಚಲು ಹಿಡಿದು ಯಮುನಕ್ಕ ಒಮ್ಮೆ ಕೂಗಿದರೆ ಭಟ್ಕಳಕ್ಕೆ ಹೊರಟ ಬಸ್ಸೂ ನಿಲ್ಲುತ್ತಿತ್ತು. ಅಂಥವಳನ್ನು ಹಳದೀಪುರದ ಹತ್ತಿರದ ನಮ್ಮೂರ ಪಂಚಾಯ್ತಿಗೆ ಅಧ್ಯಕ್ಷೆ ಮಾಡಿದ್ದು, ಆಕೆ ಬಾಯಿ ಬಿಡುವುದಿಲ್ಲ ಎಂಬ ಭರವಸೆಯಿಂದ. ಸ್ಥಾನ ಮಹಿಳೆಗೆ ಮೀಸಲಾಗಿತ್ತು. ಅದುವರೆಗೆ ಹೆಂಗಸರು ಆ ಕುರ್ಚಿಯನ್ನು ಒರೆಸಿದ್ದುಂಟು, ಅದರಲ್ಲಿ ಕೂತದ್ದಿಲ್ಲ. ಗಂಡ ಗಣಪತಿ ಇದ್ದಾನಲ್ಲ, ನಡೆಸಿಕೊಂಡು ಹೋಗುತ್ತಾನೆ ಎಂದು ಹಿರಿಯರು ನೆಮ್ಮದಿಯಾಗಿದ್ದರು.

ನಾನಾಗ ಅಲ್ಲಿ ಬಿಲ್ ಕಲೆಕ್ಟರ್. ಮೊದಲ ದಿನ ಹಾರದ ತಟ್ಟೆ ಹಿಡಿದು ನಿಂತಿದ್ದೆ. ಉಪಾಧ್ಯಕ್ಷ ಶೇಷಣ್ಣ ಹಾರವನ್ನೆತ್ತಿ ನೇರ ಗಣಪತಿಯ ಕೊರಳಿಗೆ ಹಾಕಿದರು. ಅವನೂ ಸಂಕೋಚವಿಲ್ಲದೆ ಬಗ್ಗಿದ. ಯಮುನಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಬೇಸಿಗೆಯಲ್ಲಿ ಹೊಳೆಕೇರಿಯ ಬಾವಿಗಳು ಉಪ್ಪಾದವು. ಹೊಸ ಪೈಪು ಮಾತ್ರ ಶೇಷಣ್ಣನ ಮನೆ ಕಡೆಗೆ ಹೊರಟಿತ್ತು. ಕೇರಿಯ ಹೆಂಗಸರು ಕೊಡ ಹಿಡಿದು ಕಚೇರಿಗೆ ಬಂದವರು ರೂಢಿಯಂತೆ ಗಣಪತಿಯ ಮುಂದೆ ನಿಂತರು. ಯಮುನಕ್ಕ ಒಂದು ಕೊಡ ತೆಗೆದು ಗಂಡನ ಕೈಗೆ ಕೊಟ್ಟಳು.

"ಅಧ್ಯಕ್ರೆ, ಇವ್ರ ಸಂಗ್ತಿಗೆ ಹೋಗಿ ಒಂದು ಕೊಡ ಸಿಹಿನೀರು ತಕಂಡು ಬನ್ನಿ. ಮೀಟಿಂಗು ಆಮೇಲೆ."

ಎಲ್ಲರೂ ನೋಡುತ್ತಿದ್ದುದರಿಂದ ಗಣಪತಿಗೆ ಹೋಗದೆ ವಿಧಿಯಿರಲಿಲ್ಲ. ಅರ್ಧ ದಾರಿಯಲ್ಲೇ ಕೊಡ ಇಳಿಸಿ ಕೂತುಬಿಟ್ಟನಂತೆ. ವಾಪಸು ಬಂದವನು, "ಪೈಪು ಹೊಳೆಕೇರಿಗೇ ಹೋಗ್ಲಿ ಮಾರಾಯ್ತಿ" ಎಂದ.

"ಆತು" ಎಂದು ಯಮುನಕ್ಕ ತಾನೇ ಸಹಿ ಹಾಕಿದಳು.

ಆಮೇಲೆ ಗಣಪತಿ ಒಳಗೆ ಕಾಲಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ, ಹೆಚ್ಚಾಗಿ ನಿದ್ದೆ ಮಾಡುತ್ತಿದ್ದ. ಅವಳ ಅವಧಿಯಲ್ಲಿ ಶಾಲೆಗೆ ಶೌಚಾಲಯ ಬಂತು, ದಾರಿದೀಪಗಳು ಉರಿದವು. ಊರಿನವರು ಬೆಂಚಿನ ಕಡೆ ನೋಡಿ, "ಗಣಪತಿ ಭಾರೀ ಹುಷಾರಿ" ಎಂದು ಮೆಚ್ಚಿಕೊಂಡರು.

ಮುಂದಿನ ಸಲ ಮೀಸಲಾತಿ ಬದಲಾಯಿತು. ಯಮುನಕ್ಕ ವಿಮೆ ಏಜೆಂಟಾಗಿ ಹೊನ್ನಾವರದಿಂದ ಜಾಲಿಯವರೆಗೆ ಮನೆಮನೆ ತಿರುಗಿದಳು. ಅಲ್ಲಿಯೂ ಜನ, "ಯಜಮಾನ್ರು ಬರ್ಲಿಲ್ವ?" ಎಂದು ಕೇಳುತ್ತಿದ್ದರಂತೆ. ಬೇಜಾರಾಗಿ ಮುರ್ಡೇಶ್ವರದಲ್ಲಿ ಸಣ್ಣ ಖಾನಾವಳಿ ತೆರೆದಳು. ಗಣಪತಿ ತೀರಿಕೊಂಡ ಮೇಲೂ ಅದು ಒಂದು ಹೊತ್ತೂ ಮುಚ್ಚಲಿಲ್ಲ.

ನಾನು ಕೊನೆಯ ಸಲ ಅಲ್ಲಿಗೆ ಊಟಕ್ಕೆ ಹೋದಾಗ ಅಧ್ಯಕ್ಷ ಸ್ಥಾನ ಮತ್ತೆ ಮಹಿಳೆಗೆ ಬಂದಿತ್ತು. ನಿಲ್ಲುತ್ತೀಯಾ ಎಂದು ಕೇಳಿದೆ.

"ನಿಲ್ಲೂಕೇ ಹೋಗಿದ್ದೆ ತಮ್ಮಾ. ಶೇಷಣ್ಣ ಎಂತ ಹೇಳ್ದ ಗೊತ್ತಾ? 'ಗಣಪತಿ ಇಲ್ಲ, ಇನ್ನು ಪಂಚಾಯ್ತಿ ನಡ್ಸೋರು ಯಾರು ಯಮುನಾ?' ಅಂದ. ತಮಾಷೆಗಲ್ಲ, ಪಾಪ, ಕಳಕಳಿಯಿಂದ್ಲೇ ಕೇಳ್ದ."

ಸಾರು ಬಡಿಸುತ್ತಿದ್ದ ಕೈ ನಿಂತಿತು.

"ಅವ್ರು ಸತ್ತಾಗ್ಲೂ ಅಷ್ಟು ಅತ್ತಿರ್ಲಿಲ್ಲ ನಾನು."

ಆ ಚುನಾವಣೆಯಲ್ಲಿ ನಮ್ಮೂರು, ಗಟ್ಟಿಮುಟ್ಟಾದ ಗಂಡನಿರುವ ಹೆಂಗಸೊಬ್ಬಳನ್ನು ಹುಡುಕಿ ಅಧ್ಯಕ್ಷೆ ಮಾಡಿತು.