ಮಿರಗದ ಹುಳದ ಫೋಟೋ

ಆಳಂದದ ಫೋಟೋಗ್ರಾಫರ್ ಶ್ರೀಪಾದರಾಯರ ಬಳಿ ೧೯೪೮ರ ಜೂನಿನಲ್ಲಿ ಉಳಿದದ್ದು ಒಂದೇ ಒಂದು ಗಾಜಿನ ಪ್ಲೇಟು. ಹೊಸದು ಬರಬೇಕಾದ್ದು ಗಡಿಯಾಚೆಯ ಸೊಲ್ಲಾಪುರದಿಂದ. ಆ ದಾರಿ ಮುಚ್ಚಿತ್ತು. ಹೆಂಡತಿ ಲೀಲಾಬಾಯಿ ಎಂಟು ವರ್ಷದ ಮಗಳು ಪ್ರಮಿಲಾಳನ್ನು ಕರೆದುಕೊಂಡು, ಗಲಾಟೆಗೆ ಹೆದರಿ, ಮೊದಲೇ ಅಲ್ಲಿಗೆ ಸೇರಿದ್ದರು. ರಾಯರು ಮಾತ್ರ ಇಲ್ಲೇ ಸಿಕ್ಕಿಬಿದ್ದರು. ಗಡಿ ಕಾಯುವ ನಾಕಾದವರು ಗಂಡಸರನ್ನು ದಾಟಲು ಬಿಡುತ್ತಿರಲಿಲ್ಲ.

ಬಳೆ ಮಾರುವ ಖಾಸೀಂಬಿಗೆ ಆ ತಡೆಯಿರಲಿಲ್ಲ. ಅವಳ ಬುಟ್ಟಿಯಲ್ಲಿ ಮಗಳ ಚೀಟಿ ಬಂತು: ‘ಅಪ್ಪಾ, ಮಿರಗದ ಹುಳ ಬಂದಾವೇನು? ನನಗ ಒಂದರೆ ನೋಡಬೇಕು.’ ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರದ, ಮೊದಲ ಮಳೆಗೆ ನೆಲದಿಂದ ಏಳುವ ಆ ಮಖಮಲ್ಲಿನಂಥ ಕೆಂಪು ಹುಳವನ್ನು ಕಡ್ಡಿಪೆಟ್ಟಿಗೆಯಲ್ಲಿ ಸಾಕುವ ಹುಚ್ಚು ಅವಳಿಗೆ. ಹುಳವನ್ನೇ ಕಳಿಸಿದರೆ ಬುಟ್ಟಿಯಲ್ಲಿ ದಾರಿಗೇ ಸತ್ತೀತು. ಉಳಿದ ಪ್ಲೇಟು ಅವಳಿಗೇ ಎಂದು ರಾಯರು ತೀರ್ಮಾನಿಸಿಬಿಟ್ಟರು.

ಮದುವೆ ಫೋಟೋದಲ್ಲಿ ಬೀಗರನ್ನೇ ಅಲುಗದಂತೆ ನಿಲ್ಲಿಸಿದವರು ಕಡಲೆಬೇಳೆಯಷ್ಟು ಹುಳದ ಮುಂದೆ ಸೋತು ಸುಣ್ಣವಾದರು. ಹಸಿ ಎರೆಮಣ್ಣಿನಲ್ಲಿ ಬೋರಲು ಮಲಗಿ, ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು, ಕರಿಬಟ್ಟೆ ಹೊದ್ದು, ಹುಳ ಸ್ಪಷ್ಟವಾಗಿ ಕಾಣುವಂತೆ ಹೊಂದಿಸುವುದು. ಪ್ಲೇಟು ತೂರಿಸುವಷ್ಟರಲ್ಲಿ ಅದು ಜಾಗ ಬಿಟ್ಟಿರುವುದು. ಪ್ಲೇಟು ಒಳಗೆ ಹೋದ ಮೇಲೆ ನೋಡುವವನಿಗೆ ಏನೂ ಕಾಣದು. ಮಧ್ಯಾಹ್ನದವರೆಗೂ ಇದೇ ಹಣೆಬರಹ. ಕೊನೆಗೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿದರು. ಹುಳ ಕಾಲು ಮಡಚಿ ಸುಮ್ಮನಾಯಿತು. ಮೋಡದ ಬೆಳಕಿಗೆ ಆರು ಎಣಿಸಬೇಕು. ಲೆನ್ಸಿನ ಮುಚ್ಚಳ ತೆಗೆದು ಎಣಿಸತೊಡಗಿದರು.

“ಬಟ್ಟಿಯೊಳಗ ಯಾರದು? ಏಳ್ರಿ ಮ್ಯಾಲ.”

ನಾಕಾದವನ ಬಂದೂಕು ಬೆನ್ನಿಗೆ ತಾಗಿತು. ಎದ್ದರೆ ಫೋಟೋ ಹೋಯಿತು, ಏಳದಿದ್ದರೆ ಜೀವ. ರಾಯರು ಉಸಿರು ಬಿಗಿಹಿಡಿದು ಆರರವರೆಗೂ ಎಣಿಸಿ, ಮುಚ್ಚಳ ಹಾಕಿ, ಕೈ ಎತ್ತಿದರು.

“ಏನ್ ಫೋಟೋ ತೆಗಿಯಾಕತ್ತೀರಿ?”

“ಹುಳದ್ದ್ರಿ. ಮಗಳಿಗೆ.”

ಅವನು ಬಗ್ಗಿ ನೋಡಿದ. “ಮನಿಗೆ ಹೋಗ್ರಿ,” ಎಂದ.

ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಚ್ಚಿ ಪ್ಲೇಟು ತೊಳೆದರು. ಮಣ್ಣಿನ ಹೆಂಟೆ ಮೂಡಿತು, ಹುಲ್ಲು ಮೂಡಿತು. ಹುಳವಿರಲಿಲ್ಲ. ಆ ಪ್ಲೇಟಿನ ಕಣ್ಣಿಗೆ ಕೆಂಪು ಬೀಳುವುದಿಲ್ಲ, ಫೋಟೋದಲ್ಲಿ ಕರಿಯಾಗಿಬಿಡುತ್ತದೆ. ಕೆಂಪು ದೀಪದಲ್ಲಿ ತೊಳೆಯುವುದೇ ಅದಕ್ಕಾಗಿ. ಕರಿನೆಲದ ಮೇಲೆ ಕರಿಹುಳ ಕಾಣುವುದೆಲ್ಲಿ? ಇಪ್ಪತ್ತು ವರ್ಷದ ಕಸುಬಿನವರು ಮಗಳ ಹಂಬಲದಲ್ಲಿ ಇಷ್ಟನ್ನೂ ಮರೆತಿದ್ದರು. ತಮ್ಮ ಬುದ್ಧಿಗಿಷ್ಟು ಎಂದು ಬೈದುಕೊಂಡು, ಅಲ್ಲೇ ಕುಳಿತು ಅತ್ತರು.

ಖಾಸೀಂಬಿ ಮತ್ತೆ ಹೊರಟಾಗ ಆ ಫೋಟೋವನ್ನೇ ಕಾಗದಕ್ಕಿಳಿಸಿ ಕೊಟ್ಟರು. ಹಿಂಬದಿಯಲ್ಲಿ ಬರೆದಿದ್ದರು: ‘ಪಮ್ಮೀ, ಇದರಾಗ ಒಂದು ಹುಳ ಅದ, ಹುಡುಕು.’ ಕೆಳಗೆ ‘ನಾ ಬರೋದು’ ಎಂದು ಇನ್ನೊಂದು ಸಾಲು ಶುರುಮಾಡಿದವರು, ಮುಗಿಸಲಾಗದೆ ಹಾಗೇ ಕಳಿಸಿದರು.