ಸಿಟ್ಟಿಗೊಂದು ಕುರ್ಚಿ

ಸಿಟ್ಟು ಬಂದಾಗ ಚಂದ್ರಭಾಗಾ ಟೀಚರ್ ಒಂದು ಕುರ್ಚಿ ಎಳೆದು ಹಾಕುತ್ತಿದ್ದರು.

ನಾನು ಅದನ್ನು ಮೊದಲು ನೋಡಿದ್ದು ನೆದರ್‌ಲ್ಯಾಂಡ್ಸಿನ ಆಲ್ಮೆರೆ ಎಂಬ ಊರಿನಲ್ಲಿ, ಅವರ ಮಗನ ಮನೆಯಲ್ಲಿ. ನಮ್ಮ ರಸ್ತೆಯ ಕೊನೆಯ ಮನೆ ಅದು. ಮಗ ಲೈಡನ್ನಿನ ಲ್ಯಾಬಿಗೆ ಬೆಳಗ್ಗೆ ಟ್ರೈನ್ ಹತ್ತಿದರೆ ಬರುವುದು ಸಂಜೆಗೆ. ನನ್ನ ಮಗಳು ರಶ್ಮಿಯೂ ಹಾಗೆಯೇ. ಹಗಲೆಲ್ಲ ಕನ್ನಡಕ್ಕೆ ಬಾಯಿ ಒಣಗಿ ಕೂತಿದ್ದ ನನಗೆ, ಅದೇ ಬೀದಿಯಲ್ಲಿ ಕಲಬುರಗಿಯ ರಿಟೈರ್ಡ್ ಸೈನ್ಸ್ ಟೀಚರ್ ಒಬ್ಬರಿದ್ದಾರೆ ಎಂದು ಗೊತ್ತಾದದ್ದೇ ತಡ, ಕಾಫಿಪುಡಿಯ ಪ್ಯಾಕೆಟ್ ಹಿಡಿದು ಹೊರಟೆ.

ಬಾಗಿಲು ತೆಗೆದವರ ಕಿವಿಯಲ್ಲಿ ಫೋನಿತ್ತು. ಇಲ್ಲಿಯ ನಗರಸಭೆಗೆ ಖೆಮೇಂತೆ ಅನ್ನುತ್ತಾರೆ. ಯಾವುದೋ ಕಾಗದದ ವಿಚಾರಕ್ಕೆ ಅಲ್ಲಿಯ ಹುಡುಗಿ ಅವರನ್ನು ಸಂಗೀತ ಕೇಳಿಸಿ ಕೇಳಿಸಿ ಕಾಯಿಸಿ, ಕೊನೆಗೆ ಲೈನನ್ನೇ ಕತ್ತರಿಸಿದಳು. ಟೀಚರ್ ಫೋನ್ ಇಟ್ಟರು. ಊಟದ ಮೇಜಿನಿಂದ ಒಂದು ಕುರ್ಚಿ ಹೊರಗೆಳೆದರು. "ಬಾ, ಕುಂದ್ರು," ಎಂದರು, ಬಹಳ ಮೆತ್ತಗೆ. ಏಕವಚನ ಸ್ವಲ್ಪ ಚುಚ್ಚಿದರೂ ನಾನು ಕೂರಲು ಹೋದೆ.

"ಅದು ನಿಮ್ಗಲ್ರೀ," ಎಂದರು. "ಅಲ್ಲಿ ಸಿಟ್ಟು ಕುಂತದ. ನೀವು ಈಚಿ ಕಡಿ ಬರ್ರಿ."

ಇವರಿಗೆ ಸ್ವಲ್ಪ ಲೂಸ್ ಇರಬೇಕು ಎಂದುಕೊಂಡೆ. ಆದರೆ ಅವರು ಆ ಖಾಲಿ ಕುರ್ಚಿಯನ್ನು ನೋಡಿದ ರೀತಿ ಹುಚ್ಚರದಲ್ಲ. ಮೈಕ್ರೋಸ್ಕೋಪಿನ ಕೆಳಗೆ ಗಾಜಿನ ತುಂಡು ಇಟ್ಟು ನೋಡುವವರದು. ನೋಡಿ ಮುಗಿಸಿ ಕಾಫಿಗೆ ಹಾಲು ಇಟ್ಟರು. ಹಾಲು ಉಕ್ಕುವ ಹೊತ್ತಿಗೆ ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದರು, ಮತ್ತೆ ಫೋನ್ ತೆಗೆದು ಅದೇ ನಂಬರ್ ಒತ್ತಿದರು. ಈ ಸಲ ಅವರ ದನಿಯಲ್ಲಿ ನಡುಕವಿರಲಿಲ್ಲ. ಕೆಲಸ ಆಯಿತು.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಸಿಟ್ಟು ಅಲ್ಲಿ ಸಿನ್, ಪಾಪ. ಲೇಡೀಸ್ ಡು ನಾಟ್ ರೇಸ್ ದೇರ್ ವಾಯ್ಸಸ್, ಎಂದು ನಮ್ಮ ಮದರ್ ಸುಪೀರಿಯರ್ ರೂಲರ್ ತಟ್ಟಿ ಹೇಳಿಕೊಟ್ಟದ್ದನ್ನು ನಾನು ಮದುವೆಯಲ್ಲಿ, ಬಸಿರಿನಲ್ಲಿ, ಗಂಡನ ಸಾವಿನಲ್ಲಿ ಕೂಡ ಪಾಲಿಸಿದ್ದೇನೆ. ಬಿಳಿ ಕಾಲುಚೀಲ, ನೀಲಿ ರಿಬ್ಬನ್ನು, ಚಾಪೆಲಿನ ಮೇಣದ ವಾಸನೆ ಈಗಲೂ ಕನಸಿನಲ್ಲಿ ಬರುತ್ತವೆ, ಎಷ್ಟೋ ಪ್ರೀತಿಯಿಂದ. ಆ ರೂಲರ್ ಮಾತ್ರ ಬೇಡ. ನುಂಗಿದ ಸಿಟ್ಟೆಲ್ಲ ನನಗೆ ಆಸಿಡಿಟಿಯಾಗಿ ಉಳಿದಿದೆ. ಇದನ್ನು ಬರೆಯುತ್ತಿರುವುದೂ ಸಿಟ್ಟಿನಲ್ಲಿಯೇ, ಅದನ್ನು ಮುಚ್ಚಿಡುವ ವಯಸ್ಸು ದಾಟಿದ್ದೇನೆ.

ಚಂದ್ರಭಾಗಾ ಟೀಚರ್ ಕುಳ್ಳಗೆ, ದುಂಡಗೆ ಇದ್ದರು. ಗಿಡ್ಡಕ್ಕೆ ಕತ್ತರಿಸಿದ ಬಿಳಿ ಕೂದಲು. ಇಳಕಲ್ ಸೀರೆಯ ಮೇಲೆ ಮಗನ ಹಳದಿ ರೇನ್ ಜಾಕೆಟ್. ತೋಳು ಉದ್ದವಾಗಿ ಕೈಬೆರಳು ಕಾಣುತ್ತಿರಲಿಲ್ಲ. ಸೈಕಲ್ ದಾರಿಯಲ್ಲಿ ನಡೆದರೆ ಹಿಂದಿನಿಂದ ಬೆಲ್ ಹೊಡೆಯುವವರಿಗೆ ತಿರುಗಿ ಕೈಮುಗಿಯುತ್ತಿದ್ದರು. ಬಯ್ಯಲು ಬಂದ ಡಚ್ ಹೆಂಗಸರು ಗಲಿಬಿಲಿಗೊಂಡು ತಾವೂ ಕೈಮುಗಿದು ಹೋಗುವುದನ್ನು ನಾನು ಕಂಡಿದ್ದೇನೆ.

ಅವರು ಬೌದ್ಧರು. ಅವರು ಹುಟ್ಟುವ ಮೊದಲೇ ಅವರ ತಂದೆ ದೀಕ್ಷೆ ತೆಗೆದುಕೊಂಡಿದ್ದರಂತೆ. ಅಡುಗೆಮನೆಯ ಗೋಡೆಯಲ್ಲಿ ಬುದ್ಧನ ಒಂದು ಪಟ, ಪಕ್ಕದಲ್ಲಿ ನೀಲಿ ಕೋಟು ತೊಟ್ಟವರ ಫೋಟೋ. ಬೆಳಗ್ಗೆ ಅವುಗಳ ಎದುರು ನಿಂತು ತ್ರಿಶರಣ, ಪಂಚಶೀಲ ಹೇಳುತ್ತ ಜೋಳದ ರೊಟ್ಟಿ ಬಡಿಯುತ್ತಿದ್ದರು. ಪಾಲಿ ಭಾಷೆಯ ಆ ಸಾಲುಗಳ ಲಯಕ್ಕೆ ಕೈಯ ಲಯ. ಧ್ಯಾನ ಯಾವಾಗ ಮಾಡುತ್ತೀರಿ ಎಂದು ಕೇಳಿದರೆ ನಕ್ಕಿದ್ದರು.

"ಕಣ್ ಮುಚ್ಚಿ ಕುಂತ್ರ ನನಗ ನಿದ್ದಿ ಬರ್ತದ್ರೀ. ರೊಟ್ಟಿ ಬಡಿಯೋವಾಗ ಎಚ್ಚರ ಇರ್ತೀನಿ. ಇಲ್ಲಂದ್ರ ಕೈ ಸುಡ್ತದಲ್ಲ."

ನನಗೂ ಕಲಿಸಲು ಹೊರಟರು. ನನ್ನ ಮೊದಲ ರೊಟ್ಟಿ ಹಂಚಿನ ಮೇಲೆ ಬೀಳುವಷ್ಟರಲ್ಲಿ ಒಂದು ಕಡೆ ಹರಿದು ಹೋಯಿತು. ಅವರು ಅದನ್ನೇ ದಿಟ್ಟಿಸಿ, "ಇದು ನೆದರ್‌ಲ್ಯಾಂಡ್ಸ್ ನಕಾಶಿ ನೋಡ್ರಿ, ಅರ್ಧ ನೀರಾಗ ಹೋಗ್ಯದ," ಎಂದರು.

ನಮ್ಮ ಆಲ್ಮೆರೆಯ ಕನ್ನಡದವರ ಗುಂಪು ತಿಂಗಳಿಗೊಮ್ಮೆ ಬಡಾವಣೆಯ ಕಮ್ಯುನಿಟಿ ಹಾಲಿನಲ್ಲಿ ಸೇರುತ್ತದೆ. ಪ್ರತಿ ಮನೆಯವರೂ ಒಂದೊಂದು ಅಡುಗೆ ತರುವುದು ರೂಢಿ. ಟೀಚರನ್ನು ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ. ಅವರ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮೇಜಿನ ಮೇಲೆ ಇಟ್ಟ ಸ್ವಲ್ಪ ಹೊತ್ತಿನಲ್ಲೇ ಖಾಲಿ. ಗ್ಲೂಟನ್ ಬೇಡವೆಂದು ಅಂಗಡಿ ಅಂಗಡಿ ಅಲೆಯುವ ಜನ, ಜೋಳ ಎಂದು ಕೇಳಿ ಮುಗಿಬಿದ್ದರು. ಟೀಚರ್ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗಿಯಂತೆ ಕೂತಿದ್ದರು. ಈ ದೇಶಕ್ಕೆ ಬಂದ ಮೇಲೆ ಇವತ್ತು ಊರು ಸಿಕ್ಕ ಹಾಗಾಯಿತು ಎಂದು ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡೇ ಬಂದರು.

ಗುಂಪು ನಡೆಸುವವಳು ವಿದ್ಯಾ. ಬೆಂಗಳೂರಿನವಳು, ಚುರುಕು, ಬಾಯ್ತುಂಬ ಆಂಟಿ ಆಂಟಿ. ಅವಳ ಮನೆಯಲ್ಲಿ ಇಲ್ಲಿಯವರ ಹಾಗೆಯೇ ಟಾಯ್ಲೆಟ್ಟಿನ ಗೋಡೆಗೆ ಎಲ್ಲರ ಹುಟ್ಟುಹಬ್ಬದ ಕ್ಯಾಲೆಂಡರ್. ಅದರ ಕೆಳಗೆ ಸಣ್ಣ ಶೆಲ್ಫಿನಲ್ಲಿ ಗಾರ್ಡನ್ ಸೆಂಟರಿನಿಂದ ತಂದ ಬುದ್ಧನ ತಲೆ, ಪಕ್ಕದಲ್ಲಿ ಸೆಂಟೆಡ್ ಕ್ಯಾಂಡಲ್. ಒಂದು ಮಧ್ಯಾಹ್ನ ನಮ್ಮಿಬ್ಬರನ್ನು ಚಹಾಕ್ಕೆ ಕರೆದಿದ್ದಳು. ಟೀಚರ್ ಟಾಯ್ಲೆಟ್ಟಿನಿಂದ ಹೊರಬಂದು, ಸೀರೆ ಸರಿಮಾಡಿಕೊಳ್ಳುತ್ತ, ನಿಜವಾಗಿ ತಿಳಿದುಕೊಳ್ಳುವವರ ಹಾಗೆ ಕೇಳಿದರು: "ತಲಿ ಅಷ್ಟ ಇಟ್ಟೀರಲ್ಲ ತಂಗಿ, ಮೈ ಎಲ್ಲಿ ಹೋತು?"

ಅದು ಡೆಕೋರ್, ಪಾಸಿಟಿವ್ ವೈಬ್ಸ್‌ಗೆ, ಎಂದು ವಿದ್ಯಾ ನಕ್ಕಳು. ಮರುವಾರ ತಾನೂ ಟೀಚರ್ ಮನೆಗೆ ಹೋಗಿ ಬಂದಳು. ಅಡುಗೆಮನೆಯ ಗೋಡೆ ನೋಡಿದಳು, ನೀಲಿ ಕೋಟು ನೋಡಿದಳು. ಮೊದಲಿನಿಂದ ಬೌದ್ಧರೋ, ಆಮೇಲೆ ಆದವರೋ ಎಂದು ಬಹಳ ಪೊಲೈಟ್ ಆಗಿ ಕೇಳಿದಳಂತೆ. ಟೀಚರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮುಂದಿನ ತಿಂಗಳು ಅವರ ಡಬ್ಬಿ ಮುಟ್ಟಿದವರಿಲ್ಲ. ನಾನು ತಿಂದೆ. ಅವರ ಮಗ ತಿಂದ. ಉಳಿದವರು ಆ ಡಬ್ಬಿಯ ಹತ್ತಿರ ಬಂದಾಗ ಅವರ ಚಮಚಗಳು ಪಕ್ಕದ ಪುಳಿಯೋಗರೆಗೆ ತಿರುಗಿಕೊಂಡವು, ಟ್ರಾಫಿಕ್ ಪೊಲೀಸ್ ನಿಂತಿದ್ದಾನೋ ಎಂಬಂತೆ. ಜಾತಿ ಎಂಬ ಶಬ್ದ ಆ ಹಾಲಿನಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಅಜ್ಜಿಯ ಮನೆಯಲ್ಲಿ ಇದು ಬಾಯಿಬಿಟ್ಟು ನಡೆಯುತ್ತಿತ್ತು. ಇಲ್ಲಿ ಸ್ಮೈಲ್ ಮಾಡಿಕೊಂಡು ನಡೆಯಿತು. ಸಮುದ್ರ ಬತ್ತಿಸಿ ಮಾಡಿದ ಹೊಸ ನೆಲ ಇದು, ಯಾರ ಅಜ್ಜನ ಹೆಜ್ಜೆಯೂ ಬೀಳದ ನೆಲ. ಅದರ ಮೇಲೂ ನಾವು ಗೆರೆ ಎಳೆದೆವು.

ತುಂಬಿದ ಡಬ್ಬಿ ಹೊತ್ತು ಮನೆಗೆ ಬಂದ ಟೀಚರ್ ಕುರ್ಚಿ ಎಳೆದರು. ನಾನು ತಡೆಯಲಾರದೆ ಕೇಳಿದೆ, ಜನರೆದುರು ನಿಮಗೆ ಸಿಟ್ಟೇ ಬರುವುದಿಲ್ಲವೇ, ಅಲ್ಲಿಯೇ ನಾಲ್ಕು ಮಾತು ಆಡಬಾರದಿತ್ತೇ ಎಂದು.

"ಬರಂಗಿಲ್ಲ ಅಂತ ಯಾರ್ ಹೇಳಿದ್ರು? ನಮ್ಮ ಮನ್ಯಾಗ ಕುರ್ಚಿ ಸಾಲಂಗಿಲ್ರೀ." ಸ್ವಲ್ಪ ಹೊತ್ತು ಕುರ್ಚಿಯನ್ನೇ ನೋಡಿದರು. "ಸಿಟ್ಟು ಕುಂದ್ರಿಸಿ ಮಾರಿ ನೋಡ್ಬೇಕು. ಇದು ಬರೇ ನನ್ನ ಮಾನದ್ದೋ, ನ್ಯಾಯದ್ದೋ ಅಂತ. ಮಾನದ್ದಾದ್ರ ಚಾ ಕೊಟ್ಟು ಕಳಿಸ್ತೀನಿ. ನ್ಯಾಯದ್ದಾದ್ರ ಕೆಲಸ ಕೊಡ್ತೀನಿ."

ಇದು ಯಾವುದು ಎಂದೆ.

"ಕೆಲಸದ್ದು," ಎಂದರು. "ನನ್ನ ರೊಟ್ಟಿ ಆ ಮೇಜಿನ ಮ್ಯಾಲೆ ಇರ್ಬೇಕು, ಎಲ್ಲಾರ ಅಡಗಿ ಜೋಡಿ. ಅಷ್ಟ."

ಕೆಲವೇ ದಿನಗಳಲ್ಲಿ ವಿದ್ಯಾಳ ಫೋನ್ ಬಂತು, ನನಗೆ. ಮುಂದಿನ ಸಭೆ ವೆಲ್‌ನೆಸ್ ಡೇ ಅಂತೆ. ಚಂದ್ರಭಾಗಾ ಆಂಟಿ ಅಥೆಂಟಿಕ್ ಬುದ್ಧಿಸ್ಟ್, ಅವರ ಕೈಯಲ್ಲಿ ಮೆಡಿಟೇಷನ್ ಮಾಡಿಸೋಣ ಎಂದು ಎಲ್ಲರೂ ಎಕ್ಸೈಟ್ ಆಗಿದ್ದಾರಂತೆ. ಆಮೇಲೆ ದನಿ ಇಳಿಯಿತು.

"ನೀವೇ ಸ್ವಲ್ಪ ಹೇಳ್ಬಿಡಿ ಆಂಟಿ, ಪ್ಲೀಸ್. ಅವ್ರು ಫುಡ್ ತರೋದು ಬೇಡ ಅಂತ. ಸ್ಪೆಷಲ್ ಗೆಸ್ಟ್ ಅಲ್ವಾ, ಯಾಕೆ ಸುಮ್ನೆ ಸ್ಟ್ರೈನ್."

ಮಿಕ್ಕವರು ತರುತ್ತಾರೋ ಎಂದು ಕೇಳಿದೆ. ಹ್ಞೂಂ, ಯೂಷುವಲ್ ಪಾಟ್‌ಲಕ್, ಎಂದಳು.

ಇವರಿಗೆ ಬುದ್ಧ ಬೇಕು, ಬೌದ್ಧಳ ರೊಟ್ಟಿ ಬೇಡ. ಹೇಳುವುದಿದ್ದರೆ ನೀನೇ ಹೇಳು, ನನ್ನ ಬಾಯಿಂದ ಆ ಮಾತು ಹೊರಡುವುದಿಲ್ಲ ಎಂದು ಫೋನ್ ಇಟ್ಟೆ. ಅವಳೇ ಹೇಳಿದಳು, ಅದೇ ಸ್ಟ್ರೈನ್, ಅದೇ ಸ್ಪೆಷಲ್ ಗೆಸ್ಟ್. ಟೀಚರ್ ಬರುತ್ತೇನೆ ಎಂದರಂತೆ, ತಕರಾರಿಲ್ಲದೆ. ನನಗೆ ಅವರ ಮೇಲೆಯೇ ಸಿಟ್ಟು ಬಂತು.

ಆ ದಿನ ಹಾಲಿನಲ್ಲಿ ಯೋಗಾ ಮ್ಯಾಟ್ ಹಾಸಿದ್ದರು. ಕೊಳಲಿನ ರೆಕಾರ್ಡಿಂಗ್ ಬೇರೆ. ಟೀಚರ್ ಅದನ್ನು ಆಫ್ ಮಾಡಿಸಿದರು. ಎಲ್ಲರನ್ನೂ ದುಂಡಗೆ ಕೂರಿಸಿದರು. ಕಣ್ಣು ಮುಚ್ಚಿ ಎರಡೂ ಕೈ ಚಾಚಿ ಎಂದರು. ನಾನು ಮುಚ್ಚಲಿಲ್ಲ. ಅವರು ಹೆಗಲ ಚೀಲದಿಂದ ಡಬ್ಬಿ ತೆಗೆದರು. ಬಿಳಿ ಬಟ್ಟೆ ಬಿಚ್ಚಿ, ರೊಟ್ಟಿ ಮುರಿದು, ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ತುಂಡು ಇಡುತ್ತ ಬಂದರು. ನೆಲಕ್ಕೆ ಬಗ್ಗಿ ಏಳುವಾಗ ಮಂಡಿ ನೋವಿಗೆ ಉಸಿರು ಹಿಡಿಯುತ್ತಿದ್ದುದು ನನಗೆ ಕೇಳಿಸುತ್ತಿತ್ತು.

"ಈಗ ಕಣ್ ತೆಗೀರಿ. ಕೈಯಾಗ ಏನದ ನೋಡ್ರಿ." ಕ್ಲಾಸಿನ ದನಿ, ಹಿಂದಿನ ಬೆಂಚಿಗೂ ಮುಟ್ಟುವಂಥದ್ದು. "ನೋಡಿದ ಕೂಡ್ಲೇ ಮನಸ್ನಾಗ ಏನ್ ಬಂತು, ಅದನ್ನೂ ನೋಡ್ರಿ. ಬಂದದ್ದು ಬಂತು, ಮುಚ್ಚಿಕೋಬ್ಯಾಡ್ರಿ. ಅದು ಎಲ್ಲಿಂದ ಬಂತು, ಯಾರು ಕೊಟ್ಟು ಹೋದ್ರು, ಇನ್ನೂ ಇಟ್ಕೊಳ್ಳೋದೋ ಬ್ಯಾಡೋ ಅಂತ ವಿಚಾರ ಮಾಡ್ರಿ. ಇಷ್ಟ ಧ್ಯಾನ. ನನಗ ಬರೋದು ಇಷ್ಟ."

ಮಾಸ್ಟ್ರಿಕ್ಟ್‌ನಿಂದ ಯಾರದೋ ಮನೆಗೆ ಬಂದಿದ್ದ ವಿದ್ಯಾರ್ಥಿನಿ ಮೊದಲು ಬಾಯಿಗೆ ಹಾಕಿಕೊಂಡಳು. ಕರಕರ ಸದ್ದು ಇಡೀ ಹಾಲಿಗೆ ಕೇಳಿಸಿತು. ಇನ್ನು ಕೆಲವರು ತಲೆ ತಗ್ಗಿಸಿ ತಿಂದರು. ಕೆಲವರು ಮೆಡಿಟೇಷನ್ ಮುಗಿಯಲಿಲ್ಲ ಎಂಬಂತೆ ಮತ್ತೆ ಕಣ್ಣು ಮುಚ್ಚಿದರು. ವಿದ್ಯಾ ತನ್ನ ತುಂಡನ್ನು ಟಿಶ್ಯೂನಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡಳು, ಆಮೇಲೆ ತಿಂತೀನಿ ಆಂಟಿ ಎಂದಳು. ಟೀಚರ್ ಉಳಿದ ರೊಟ್ಟಿಯ ಡಬ್ಬಿಯನ್ನು ಊಟದ ಮೇಜಿನ ನಡುವೆ, ಪುಳಿಯೋಗರೆಯ ಪಕ್ಕ ಇಟ್ಟರು.

ದಾರಿಯಲ್ಲಿ ಅವರು ಕೈ ಎರಡನ್ನೂ ಜಾಕೆಟ್ಟಿನ ಉದ್ದ ತೋಳಿನೊಳಗೆ ಮುಚ್ಚಿಕೊಂಡಿದ್ದರು. ಅರ್ಧ ಜನ ತಿನ್ನಲೇ ಇಲ್ಲವಲ್ಲ ಎಂದು ನಾನು ಕುದಿಯುತ್ತಿದ್ದೆ. ಆ ಅರ್ಧ ಜನಕ್ಕೂ ಇವತ್ತು ತಮ್ಮ ಕೈ ಕಾಣಿಸಿತಲ್ಲ, ನಿದ್ದೆ ಅವರಿಗೆ ಬರಲಿಕ್ಕಿಲ್ಲ, ನನಗೆ ಬರುತ್ತದೆ ಎಂದರು ಟೀಚರ್. ಅಷ್ಟು ಹೇಳಿ, ಸೈಕಲ್ ಬೆಲ್ಲಿಗೆ ತಿರುಗಿ ಕೈಮುಗಿದರು.

ಆಮೇಲೆ ಅವರಿದ್ದಷ್ಟು ತಿಂಗಳೂ ಡಬ್ಬಿ ಮೇಜಿನ ಮೇಲೆ ಇತ್ತು. ಒಮ್ಮೆ ಸ್ವಲ್ಪ ಖಾಲಿಯಾಗುತ್ತಿತ್ತು, ಒಮ್ಮೆ ಇಲ್ಲ. ಅವರು ತರುವುದನ್ನು ಬಿಡಲಿಲ್ಲ. ಕಲಬುರಗಿಗೆ ವಾಪಸ್ ಹೊರಡುವ ದಿನ, ಬಾಗಿಲಲ್ಲಿ ಟ್ಯಾಕ್ಸಿ ನಿಂತಿರುವಾಗ, ಆ ಡಬ್ಬಿಯನ್ನು ನನ್ನ ಕೈಗಿತ್ತರು. ಅದೇ ಕೊನೆಯ ಭೇಟಿ.

"ತುಂಬಿಸ್ರಿ," ಎಂದರು. "ನಕಾಶಿ ಹರದಿದ್ರೂ ನಡೀತದ."

ಹೋದ ಚಳಿಗಾಲ ಅವರು ತೀರಿಕೊಂಡ ಸುದ್ದಿ ಬಂತು. ಮಗ ಗ್ರೂಪಿನಲ್ಲಿ ಎರಡು ಸಾಲು ಹಾಕಿದ. ಕೆಳಗೆ ಸಾಲುಸಾಲು ಬುದ್ಧನ ತಲೆಗಳು, ಕಮಲಗಳು, ಕೈಮುಗಿದ ಇಮೋಜಿಗಳು. ಸಂಜೆ ವಿದ್ಯಾಳ ಫೋನ್. ಹಾಲಿಗೆ ಅವರ ನೆನಪಿನಲ್ಲಿ ಒಂದು ಬುದ್ಧ ಸ್ಟ್ಯಾಚು ಕೊಡೋಣ ಅಂತ ಇದ್ದಾರಂತೆ. ನಾನು ಎರಡು ಮಾತು ಆಡಬೇಕಂತೆ.

"ಎಷ್ಟು ಕಾಮ್ ಪರ್ಸನ್ ಅಲ್ವಾ ಆಂಟಿ ಅವ್ರು? ಒಂದಿನ ಸಿಟ್ಟು ಮಾಡ್ಕೊಂಡಿದ್ದು ನೋಡಿಲ್ಲ ನಾವು."

ನನ್ನ ಹೊಟ್ಟೆಯಲ್ಲಿ ಆ ಹಳೆಯ ಆಸಿಡ್ ಮೇಲೆದ್ದಿತು. ನುಂಗಲಿಲ್ಲ. ಸ್ಟ್ಯಾಚುವಿಗೆ ಮೈ ಇರುತ್ತದೋ, ಬರೀ ತಲೆಯೋ ಎಂದು ಕೇಳಿದೆ.

ಸಭೆಯ ದಿನ ಬೆಳಗ್ಗೆ ರೊಟ್ಟಿ ಬಡಿದೆ. ಹರಿದವು, ಸುಟ್ಟವು, ಕೆಲವು ದುಂಡಗೂ ಬಂದವು. ಹಾಲಿನ ಮೂಲೆಯಲ್ಲಿ ಬುದ್ಧ ಬಂದು ಕೂತಿದ್ದ. ಇಡೀ ಮೈಯಿತ್ತು, ಬೆಲೆಯ ಸ್ಟಿಕ್ಕರ್ ಇನ್ನೂ ಬೆನ್ನಿಗಿತ್ತು. ನನ್ನ ಸರದಿ ಬಂದಾಗ ಭಾಷಣ ಮಾಡಲಿಲ್ಲ. ಡಬ್ಬಿಯನ್ನು ಮೇಜಿನ ನಡುವೆ ಇಟ್ಟೆ. ಇವು ಚಂದ್ರಭಾಗಾ ಟೀಚರ್ ರೊಟ್ಟಿಗಳು, ಬಡಿದದ್ದು ನಾನು, ಕಲಿಸಿದ್ದು ಅವರು, ಡಬ್ಬಿಯೂ ಅವರದೇ, ತಿನ್ನುವ ಮೊದಲು ಗೊತ್ತಿರಲಿ ಎಂದೆ. ದನಿ ಎತ್ತಿಯೇ ಹೇಳಿದೆ.

ಆಮೇಲೆ ಮೇಜಿನ ಹತ್ತಿರ ಎರಡು ಕುರ್ಚಿ ಎಳೆದು, ಟೀಚರ್ ಹಾಗೆ ಒಂದನ್ನು ಖಾಲಿ ಬಿಟ್ಟು, ಇನ್ನೊಂದರಲ್ಲಿ ಕೂತೆ. ಊಟಕ್ಕೆ ಸಾಲು ನಿಂತಿತು. ವಿದ್ಯಾ ತಟ್ಟೆ ಹಿಡಿದು ಬಂದಳು. ಡಬ್ಬಿಯ ಮುಂದೆ ಅವಳ ಕೈ ನಿಂತಿತು. ಬಹಳ ಹೊತ್ತು ನಿಂತಿತು. ಕೊನೆಗೆ ಹರಿದದ್ದೊಂದನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟುಕೊಂಡಳು. ತಿನ್ನುತ್ತಾಳೋ, ಟಿಶ್ಯೂನಲ್ಲಿ ಸುತ್ತುತ್ತಾಳೋ ನನಗೆ ಗೊತ್ತಿರಲಿಲ್ಲ. ನನ್ನ ಪಕ್ಕದ ಕುರ್ಚಿಯ ಬೆನ್ನು ಹಿಡಿದು, ಇದು ಖಾಲಿ ಇದೆಯಾ ಆಂಟಿ ಎಂದು ಕೇಳಿದಳು.

"ಇಲ್ಲಮ್ಮ," ಎಂದೆ. "ಇಲ್ಲಿ ಜನ ಇದ್ದಾರೆ. ನೀನು ಈಚೆ ಕಡೆ ಬಾ."