ಕೇಳಿದ್ದಲ್ಲ, ಹೇಳಿದ್ದು

ಇಂಗ್ಲೆಂಡಿನ ಹಳೇ ಬಂಗಲೆಗಳನ್ನು ನೋಡಲು ಹೋಗುವುದೆಂದರೆ ನನಗೆ ಮೊದಲಿನಿಂದಲೂ ಮೈ ಉರಿ. ಟಿಕೆಟ್ ಕೊಟ್ಟು ಒಳಗೆ ಹೋಗಬೇಕು, ಹಗ್ಗ ಕಟ್ಟಿದ ಈಚೆ ನಿಲ್ಲಬೇಕು, ಎಂದೋ ಸತ್ತ ದೊರೆಯೊಬ್ಬ ಮಲಗುತ್ತಿದ್ದ ಮಂಚ ನೋಡಿ ‘ಆಹಾ’ ಅನ್ನಬೇಕು. ಹೊರಗೆ ತೋಟವಿದ್ದರೆ ಅದರ ಹುಲ್ಲಿನ ಮೇಲೆ ಕೂರುವ ಹಾಗಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಅಂಥದೊಂದು ತೋಟದಲ್ಲಿ ನಾವು ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಕೋಟು ತೊಟ್ಟವನೊಬ್ಬ ಬಂದು, ಮನೆಯಿಂದ ತಂದದ್ದನ್ನು ತಿನ್ನುವುದಾದರೆ ಕಾರ್ ಪಾರ್ಕಿನ ಪಕ್ಕ ಬೆಂಚುಗಳಿವೆ ಎಂದು ಬಲು ನಯವಾಗಿ ಹೇಳಿದ. ಕಾರೇ ಇಲ್ಲದ ನಾವು ಕಾರ್ ಪಾರ್ಕಿನಲ್ಲಿ ಕೂತು ಉಂಡೆವು. ಇನ್ನು ಮೇಲೆ ಟಿಕೆಟ್ಟೂ ಬಾಗಿಲೂ ಇಲ್ಲದ ಕಡೆಗೇ ಹೋಗುವುದೆಂದು ಅವತ್ತೇ ತೀರ್ಮಾನ ಮಾಡಿದೆ.

ನಾವು ಅಂದರೆ ಮೂವರು ಹೆಂಗಸರು ಮತ್ತು ನಮ್ಮ ಮಕ್ಕಳು. ನಾನು ಮಂಡ್ಯದ ಕಡೆಯವಳು, ಎಜ್‌ವೇರ್‌ನಲ್ಲಿ ಮನೆ. ಎರಡನೆಯವಳು ಧಾರವಾಡದವಳು. ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲಿ ತಲೆಗೆ ಬಲೆ ಟೋಪಿ ಹಾಕಿಕೊಂಡು ನನ್ನ ಪಕ್ಕದಲ್ಲೇ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಮೂರನೆಯವಳು ಉಡುಪಿ ಕಡೆಯ, ಮನೆಯಲ್ಲಿ ಕೊಂಕಣಿ ಮಾತಾಡುವ ನರ್ಸ್. ಅವಳು ಸಟನ್‌ನಿಂದ ಇಡೀ ಲಂಡನ್ ದಾಟಿ ಬರಬೇಕಿತ್ತು, ಆದರೂ ಒಂದು ಸಲವೂ ತಪ್ಪಿಸಿದವಳಲ್ಲ.

ಎಜ್‌ವೇರ್ ಟ್ಯೂಬ್ ರೈಲಿನ ಕೊನೇ ಸ್ಟೇಷನ್. ಅಲ್ಲಿಂದ ಒಂದು ಬಸ್ ಹತ್ತಿದರೆ ಸ್ವಲ್ಪ ಹೊತ್ತಿಗೇ ಲಂಡನ್ ಮುಗಿದು ಹೊಲ ಶುರುವಾಗುತ್ತದೆ. ಲೈಬ್ರರಿಯಿಂದ ಒಂದು ನಕಾಶೆ ತಂದೆ. ನಕಾಶೆ ಓದುವುದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ನಮ್ಮಪ್ಪ ಮೋಜಣಿದಾರ. ಮೂವತ್ಮೂರು ಅಡಿ ಸರಪಳಿ ಎಳೆಸಿಕೊಂಡು ಊರೂರು ಅಳೆದ ಮನುಷ್ಯ. ‘ನಕಾಶೆ ಕಂಡ ದಾರಿ’ ಎಂಬ ಮಾತು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತಿತ್ತು. ನಕಾಶೆಯಲ್ಲಿ ಚುಕ್ಕಿಗೆರೆಯಾಗಿ ಬಂದ ದಾರಿಯನ್ನು ಎಂಥ ದೊಡ್ಡ ಗೌಡನಾದರೂ ಮುಚ್ಚುವ ಹಾಗಿಲ್ಲ ಎಂದು ಅದರರ್ಥ. ಇಂಗ್ಲೆಂಡಿನ ನಕಾಶೆಯಲ್ಲೂ ಅದೇ ಚುಕ್ಕಿಗೆರೆ, ಅದೇ ಹಕ್ಕು. ಅದನ್ನು ನೋಡಿ ನನಗಾದ ಖುಷಿ ಯಾವ ದೊರೆಯ ಮಂಚ ನೋಡಿಯೂ ಆಗಿರಲಿಲ್ಲ.

ಆ ಭಾನುವಾರ ಹಿಡಿದ ಚುಕ್ಕಿಗೆರೆ ಎರಡು ಹೊಲ ದಾಟಿ, ಒಂದು ಹಳೇ ತೋಟದಮನೆಯ ಅಂಗಳಕ್ಕೆ ಬಂದು ನಿಂತುಬಿಟ್ಟಿತು. ನಕಾಶೆಯಲ್ಲಿ ನಿಂತಿತ್ತು, ನೆಲದ ಮೇಲೆ ನಿಂತಿರಲಿಲ್ಲ. ಕಾಲು ಸವೆಸಿದ ದಾರಿ ಅಡುಗೆಮನೆಯ ಕಿಟಕಿಯ ಮುಂದೆಯೇ ಹಾದು, ಬೇಲಿ ಹತ್ತಿಳಿಯುವ ಮರದ ಮೆಟ್ಟಿಲು ದಾಟಿ, ಆಚೆಯ ಕಾಡಿಗೆ ಹೋಗಿತ್ತು. ನಾಯಿ ಹಿಡಿದುಕೊಂಡ ಒಬ್ಬಿಬ್ಬರು ಅಕ್ಕಪಕ್ಕ ನೋಡದೆ ಅದೇ ದಾರಿಯಲ್ಲಿ ಸರಸರ ನಡೆದುಹೋದರು. ಕಿಟಕಿಯೊಳಗೆ ಒಬ್ಬ ಅಜ್ಜಿ ಪಾತ್ರೆ ತೊಳೆಯುತ್ತಿದ್ದರು.

“ಮಂದಿ ಅಂಗಳದಾಗ ಹಾದು ಕಳ್ಳರಗತೆ ಸುಮ್ಮನ ಹೆಂಗ ಹೋಗೂದ್ರೀ ಅಕ್ಕಾ?” ಎಂದಳು ಧಾರವಾಡದವಳು.

“ಒಂದು ಮಾತು ಹೇಳಿ ಹೋಗುವ ಮಾರಾಯ್ತಿ, ಅದರಲ್ಲೇನುಂಟು?” ಎಂದಳು ನರ್ಸ್.

ಹೇಳುವ ಕೆಲಸ ನನ್ನ ತಲೆಗೆ ಬಂತು. ಅಜ್ಜಿ ಗಂಬೂಟು ಹಾಕಿಕೊಂಡು ಹೊರಗೆ ಬಂದರು. ನಾನು ಕಾಡಿನ ಕಡೆ ಕೈ ತೋರಿಸಿ, ನಮ್ಮೂರಿನಲ್ಲಿ ಹೇಗೆ ಹೇಳುತ್ತೇವೋ ಹಾಗೇ ಇಂಗ್ಲಿಷಿನಲ್ಲಿ ಹೇಳಿದೆ: “ವಿ ವಿಲ್ ಗೋ ಅಂಡ್ ಕಮ್.” ಹೋಗಿ ಬರ್ತೀವಿ. ಆರು ವರ್ಷದ ನನ್ನ ಮಗಳು ನಾಚಿ ನನ್ನ ಸೀರೆ ಎಳೆದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಹಾಗೆಲ್ಲ ಯಾರೂ ಹೇಳುವುದಿಲ್ಲ ಮಮ್ಮಿ ಅಂತ ಪಿಸುಗುಟ್ಟಿದಳು. ಅಜ್ಜಿ ನಮ್ಮ ಸೀರೆ, ಅದರ ಕೆಳಗಿನ ಕ್ಯಾನ್ವಾಸ್ ಶೂ, ಬುತ್ತಿ ಚೀಲ ಎಲ್ಲ ನೋಡಿ, “ರೈಟ್ ಯು ಆರ್”, ಸರಿ ಹಾಗಾದ್ರೆ, ಎಂದು ಒಳಗೆ ಹೋದರು.

ಕಾಡಿನಲ್ಲಿ ಬ್ಲೂಬೆಲ್ ಅರಳಿತ್ತು. ಬಿಳೀ ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ನೆಲಕ್ಕೆಲ್ಲ ಚೆಲ್ಲಿದ ಹಾಗಿತ್ತು. ಧಾರವಾಡದವಳು ‘ಯವ್ವಾ’ ಎಂದವಳು ಐದು ನಿಮಿಷ ಬಾಯಿ ಮುಚ್ಚಲಿಲ್ಲ. ಬಿದ್ದ ಮರವೊಂದರ ಮೇಲೆ ಕೂತು ಪುಳಿಯೋಗರೆ ತಿಂದೆವು, ಎಬ್ಬಿಸಲು ಯಾವ ಕೋಟಿನವನೂ ಬರಲಿಲ್ಲ. ತಿರುಗಿ ಬರುವಾಗ ಅಜ್ಜಿಗೆ “ವಿ ಕೇಮ್” ಎಂದು ವರದಿ ಒಪ್ಪಿಸಿ, ಮಿಕ್ಕಿದ್ದ ಕೋಡುಬಳೆಯನ್ನು ಡಬ್ಬಿ ಸಮೇತ ಕೊಟ್ಟೆ.

ಮುಂದಿನ ಸಲ ಹೋದಾಗ ಅಜ್ಜಿ ಆ ಡಬ್ಬಿ ತಂದು ಕೊಟ್ಟರು. ಖಾಲಿ ಡಬ್ಬಿಯಲ್ಲ, ಅದರ ತುಂಬ ಅವರ ತೋಟದ ಸೇಬು. ಖಾಲಿ ಡಬ್ಬಿ ವಾಪಸು ಕೊಡಬಾರದೆಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ! ಅವತ್ತಿನಿಂದ ಒಂಬತ್ತು ವರ್ಷ, ಬ್ಲೂಬೆಲ್ ಕಾಲಕ್ಕೆ, ಬ್ಲಾಕ್‌ಬೆರಿ ಕಾಲಕ್ಕೆ, ಎಲೆ ಉದುರುವ ಕಾಲಕ್ಕೆ ಆ ಡಬ್ಬಿ ನಮ್ಮಿಬ್ಬರ ನಡುವೆ ಓಡಾಡಿತು. ಪ್ರತಿ ಸಲವೂ ಹೋಗಿ ಬರ್ತೀವಿ, ಪ್ರತಿ ಸಲವೂ ರೈಟ್ ಯು ಆರ್.

ಆಮೇಲೆ ಅಜ್ಜಿ ತೀರಿಕೊಂಡರು. ಮನೆ ಮಾರಾಟವಾಯಿತು. ಕೊಂಡವನು ಅಂಗಳಕ್ಕೆ ಎತ್ತರದ ಗೇಟು ಹಾಕಿ, ಬೀಗ ಜಡಿದು, ‘ಖಾಸಗಿ’ ಎಂದು ಬೋರ್ಡು ನೇತುಹಾಕಿದ. ಅವತ್ತು ನಾವು ಬುತ್ತಿ ಹಿಡಿದುಕೊಂಡು ಗೇಟಿನ ಮುಂದೆ ನಿಂತಿದ್ದಾಗ, ಅದೇ ಹಳ್ಳಿಯ ರಿಟೈರ್ಡ್ ಟೀಚರೊಬ್ಬರು ನಾಯಿ ಜೊತೆ ಬಂದರು. ಹಳ್ಳಿಯವರು ಈ ದಾರಿಗಾಗಿ ಅರ್ಜಿ ಹಾಕುತ್ತಿದ್ದಾರೆಂದೂ ತಾವೇ ಅದರ ಕಾರ್ಯದರ್ಶಿಯೆಂದೂ ಹೇಳಿದರು. ಇಪ್ಪತ್ತು ವರ್ಷ ಜನ ಗಲಾಟೆ ಮಾಡದೆ, ಕದ್ದುಮುಚ್ಚಿ ಹೋಗದೆ, ಅಪ್ಪಣೆ ಕೇಳದೆ ನಡೆದಿದ್ದರೆ ಅದು ಸಾರ್ವಜನಿಕರ ದಾರಿ, ಆಗ ಅದನ್ನು ನಕಾಶೆಗೆ ಹಾಕಲೇಬೇಕು. ಅದು ಅಲ್ಲಿಯ ಕಾನೂನು. ಎಷ್ಟೇ ವರ್ಷ ನಡೆದಿರಲಿ, ನಡೆದವರೆಲ್ಲ ಒಂದೊಂದು ಫಾರಂ ತುಂಬಬೇಕಿತ್ತು. ನಾವು ಮೂವರೂ ಕುಣಿದುಕೊಂಡು ತುಂಬಿಕೊಟ್ಟೆವು.

ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ಯಾರದಾದರೂ ಅಪ್ಪಣೆ ಕೇಳಿದ್ದಿರಾ? ನಾನು ಹೆಮ್ಮೆಯಿಂದ ಬರೆದಿದ್ದೆ: ಪ್ರತಿ ಸಲವೂ ಮನೆಯ ಯಜಮಾನಿಯನ್ನು ಮಾತಾಡಿಸಿಕೊಂಡೇ ಹೋಗುತ್ತಿದ್ದೆವು.

ಟೀಚರು ಎಜ್‌ವೇರ್‌ನ ನಮ್ಮ ಮನೆಯ ತನಕ ಬಂದರು. ಟೀ ಕುಡಿದು, ಕಪ್ಪನ್ನು ನೋಡುತ್ತಾ, ನಿಮ್ಮ ಫಾರಂ ವಾಪಸ್ ತಗೊಳ್ಳುವುದು ಒಳ್ಳೆಯದು ಎಂದರು. ಮಾತಾಡಿಸಿಕೊಂಡು ಹೋದಿರಿ ಎಂದರೆ ಅಪ್ಪಣೆ ಕೇಳಿದಿರಿ ಎಂದಾಗುತ್ತದೆ. ಅಪ್ಪಣೆ ಪಡೆದವರ ನಡಿಗೆ ಲೆಕ್ಕಕ್ಕಿಲ್ಲ. ಅಷ್ಟೇ ಅಲ್ಲ, ಅದನ್ನೇ ಹಿಡಿದುಕೊಂಡು ಆ ಕಡೆಯ ವಕೀಲ ಎಲ್ಲರ ಅರ್ಜಿಯನ್ನೂ ಕೆಡಿಸಬಹುದು. ಪಾಪ, ಅವರು ಕೆಟ್ಟವರಲ್ಲ. ಹೇಳುವಾಗ ಅವರ ಮುಖ ಕೆಂಪಾಗಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂಬತ್ತು ವರ್ಷ ಆ ಮುದುಕಿಯ ಕಿಟಕಿಯ ಮುಂದೆ ಕತ್ತು ತಿರುಗಿಸದೆ ನಡೆದವರು ಸಾರ್ವಜನಿಕರಂತೆ. ನಿಂತು ನಾಲ್ಕು ಮಾತಾಡಿ, ಕೈಗೆ ಕೋಡುಬಳೆ ಕೊಟ್ಟ ನಾವು ಯಾರೂ ಅಲ್ಲವಂತೆ! ಮರ್ಯಾದೆ ಕಲಿತದ್ದೇ ತಪ್ಪಾಯಿತೆ? ಆ ದಾರಿ ನನಗೆ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ನಡೆದ ನನ್ನ ಕಾಲು ಕಾಲೇ ಎಂದು ಯಾರಾದರೂ ಬರೆದುಕೊಡಬೇಕಿತ್ತು.

“ನೆಲ ಅವನದು, ಜಗಳ ಆ ಹಳ್ಳಿಯವರದು, ಮಧ್ಯೆ ನಿಂದೇನೆ? ಊರ ಉಸಾಬರಿ ನಮಗ್ಯಾಕೆ?” ಎಂದರು ನನ್ನ ಗಂಡ.

“ನಡೆದ ಕಾಲು ನಂದು ಕಣ್ರೀ,” ಎಂದೆ. ಅವರು ಟಿವಿಯ ಸದ್ದು ಜಾಸ್ತಿ ಮಾಡಿದರು.

ಆ ವಾರ ಫೋನ್ ಕಾರ್ಡು ಹಾಕಿ ಅಪ್ಪನಿಗೆ ಎಲ್ಲ ಹೇಳಿಕೊಂಡು ಅತ್ತೆ. ಅಪ್ಪ ಸಮಾಧಾನ ಮಾಡುವ ಜಾಯಮಾನದವರಲ್ಲ. ಸರ್ವೆ ಮಾಡುವಾಗ ರೈತರನ್ನು ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದರು: “ಅಳೋದು ಆಮ್ಯಾಕೆ. ನೀನು ಆವಮ್ಮನ್ನ ಕೇಳ್ದಾ, ಹೇಳ್ದಾ?”

“ಏನಪ್ಪ ಹಂಗಂದ್ರೆ?”

“ಹೋಗ್ಲಾ ಅಂದ್ಯಾ, ಹೋಗಿ ಬತ್ತೀನಿ ಅಂದ್ಯಾ?”

“ಹೋಗಿ ಬತ್ತೀವಿ ಅಂದೆ.”

“ಮತ್ತೆ? ಕೇಳಿಲ್ವಲ್ಲ ನೀನು, ಹೇಳಿದ್ದೀಯ. ಹೋಗು, ಅದನ್ನೇ ಹೇಳು ಅವ್ರ್‌ಗೆ.”

ನಾನು ಫಾರಂ ವಾಪಸ್ ತೆಗೆದುಕೊಳ್ಳಲಿಲ್ಲ. ಟೀಚರಿಗೆ ಫೋನ್ ಮಾಡಿ ಹಾಗೆಂದು ತಿಳಿಸಿದಾಗ ಅವರು ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು.

ಎರಡು ವರ್ಷ ಕಳೆದು, ಸರ್ಕಾರ ಕಳಿಸಿದ ಅಧಿಕಾರಿಯೊಬ್ಬರು ಹಳ್ಳಿಯ ಸಭಾಂಗಣದಲ್ಲಿ ವಿಚಾರಣೆಗೆ ಕೂತರು. ನರ್ಸ್ ಶಿಫ್ಟು ಬದಲಾಯಿಸಿಕೊಂಡು ಬಂದಳು. ಧಾರವಾಡದವಳು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು. ನನ್ನ ಸರದಿ ಬಂದಾಗ ಮನೆ ಕೊಂಡವನ ವಕೀಲ ಎದ್ದು ನಿಂತ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ನಾನು ನೆನಪಿದ್ದಷ್ಟನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಪ್ರತಿ ಸಲವೂ ಆ ಮನೆಯ ಮುಂದೆ ನಿಂತು ಅಪ್ಪಣೆ ಕೇಳುತ್ತಿದ್ದಿರಿ, ಅಲ್ಲವೆ?”

“ಇಲ್ಲ. ಹೇಳುತ್ತಿದ್ದೆ.”

“ಅವರು ಬಿಟ್ಟುಕೊಟ್ಟ ಉಪಕಾರಕ್ಕೆ ತಿಂಡಿ ಕೊಡುತ್ತಿದ್ದಿರಿ.”

“ಅದೇ ಡಬ್ಬಿಯಲ್ಲಿ ಅವರು ನನಗೆ ಸೇಬು ಕೊಡುತ್ತಿದ್ದರು. ಅವರು ನನ್ನ ಅಪ್ಪಣೆ ಯಾತಕ್ಕೆ ಕೇಳುತ್ತಿದ್ದರು, ಸಾರ್?”

ಸಭೆಯಲ್ಲಿ ನಗು ಎದ್ದಿತು. ಧಾರವಾಡದವಳು ಕನ್ನಡದಲ್ಲೇ ಗಟ್ಟಿಯಾಗಿ, “ಭೇಷ್ ಅಕ್ಕಾ!” ಎಂದಳು. ಅಧಿಕಾರಿ ಮಾತ್ರ ನಗಲಿಲ್ಲ. ಪೆನ್ನು ಕೆಳಗಿಟ್ಟು, ಆಡುತ್ತಿದ್ದ ಮಾತು ಏನಿತ್ತೋ ಅಷ್ಟನ್ನೇ ಹೇಳಿ ಎಂದರು.

ಹೇಳಿದೆ. ವಿ ವಿಲ್ ಗೋ ಅಂಡ್ ಕಮ್. ನಮ್ಮಲ್ಲಿ ‘ಹೋಗುತ್ತೇನೆ’ ಎಂದಷ್ಟೇ ಹೇಳಿ ಯಾರೂ ಹೊರಡುವುದಿಲ್ಲ, ಅದು ಕೆಟ್ಟ ಮಾತು. ಅಂಗಡಿಗೆ ಹೋಗುವಾಗಲೂ, ಹೆತ್ತ ತಾಯಿಯ ಮನೆಯಿಂದ ಹೊರಡುವಾಗಲೂ ‘ಹೋಗಿ ಬರ್ತೀನಿ’ ಅನ್ನುತ್ತೇವೆ. ತಾಯಿಯ ಹತ್ತಿರ ಯಾರೂ ಅಪ್ಪಣೆಯ ಚೀಟಿ ಬರೆಸಿಕೊಳ್ಳುವುದಿಲ್ಲ. ತಿರುಗಿ ಬರುತ್ತೇವೆ, ಯೋಚನೆ ಮಾಡಬೇಡಿ ಎಂದು ತಿಳಿಸುವುದಷ್ಟೆ.

ವಕೀಲ ಬಿಡಲಿಲ್ಲ. “ಅವರು ಬೇಡ ಎಂದಿದ್ದರೆ?”

ಆ ಪ್ರಶ್ನೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ಗಂಬೂಟಿನ ಅಜ್ಜಿ ಕಣ್ಣ ಮುಂದೆ ಬಂದರು. ಅಜ್ಜಿಯ ಮನಸ್ಸು ನೋಯಿಸುವ ಮಾತು ಅವರಿಲ್ಲದಾಗ ಆಡಬೇಕಲ್ಲ ಅನ್ನಿಸಿತು. ಆದರೂ ಸುಳ್ಳು ಹೇಳಲಾಗಲಿಲ್ಲ.

“ಬೇಜಾರಾಗುತ್ತಿತ್ತು. ಡಬ್ಬಿ ಕೊಡುತ್ತಿರಲಿಲ್ಲವೋ ಏನೋ. ಆದರೆ ಹೋಗುತ್ತಿದ್ದೆ.”

ಅಧಿಕಾರಿ ಅದನ್ನು ಬರೆದುಕೊಂಡರು.

ಕೆಲವು ತಿಂಗಳಿಗೆ ತೀರ್ಪು ಬಂತು, ದಾರಿ ನಮಗೇ ಆಯಿತು. ಟೀಚರು ಅದರ ಪ್ರತಿ ಕಳಿಸಿ, ಒಂದು ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಎಜ್‌ವೇರ್‌ನಿಂದ ಬಂದ ಸಾಕ್ಷಿ ಆಡಿದ ಮಾತು ಕೋರಿಕೆಯಲ್ಲ, ತಿಳಿಸಿದ್ದಷ್ಟೆ. ಆಕೆಯೂ ಆಕೆಯ ಗೆಳತಿಯರೂ ಸಾರ್ವಜನಿಕರಾಗಿಯೇ ನಡೆದಿದ್ದಾರೆ ಎಂದಿತ್ತು. ನಾನು ಅದನ್ನು ಗಂಡನಿಗೆ ಎರಡು ಸಲ ಓದಿ ಹೇಳಿದೆ. ಅಪ್ಪನಿಗೆ ಹೊಸ ನಕಾಶೆಯ ಪ್ರತಿಯನ್ನೇ ಕಳಿಸಿದೆ. ಭೂತಗನ್ನಡಿ ಹಿಡಿದು ಆ ಚುಕ್ಕಿಗೆರೆಯನ್ನು ಬಂದುಹೋದವರಿಗೆಲ್ಲ ತೋರಿಸಿದರಂತೆ.

ಆಮೇಲಿನ ಮೇ ತಿಂಗಳಲ್ಲಿ ಮೂವರೂ ಹೋದೆವು. ಗೇಟಿನ ಬೀಗ ಹೋಗಿತ್ತು. ಪಕ್ಕದಲ್ಲಿ ಹೊಸಾ ಮರದ ಕಂಬ, ಅದರ ಮೇಲೆ ‘ಸಾರ್ವಜನಿಕ ಕಾಲುದಾರಿ’ ಎಂದು ಇಂಗ್ಲಿಷಿನಲ್ಲಿ ಕೆತ್ತಿತ್ತು. ಧಾರವಾಡದವಳು ಆ ಕಂಬಕ್ಕೆ ಕುಂಕುಮ ಹಚ್ಚಲು ಹೊರಟಳು, ನರ್ಸ್ ತಡೆದಳು. ಮನೆ ಕೊಂಡವನು ಅಂಗಳದಲ್ಲೇ ಕೈ ಕಟ್ಟಿ ನಿಂತು ನಮ್ಮನ್ನೇ ನೋಡುತ್ತಿದ್ದ.

ನಾನು ನಿಂತೆ. ಕಾಲೇಜಿಗೆ ಹೊರಡುವ ವಯಸ್ಸಿನ ಮಗಳು ಹಿಂದಿನಿಂದ ಮೊಣಕೈ ಹಿಡಿದು, ಅಪರೂಪಕ್ಕೆ ಕನ್ನಡದಲ್ಲಿ, “ಅವನನ್ನ ಕೇಳ್ಬೇಡ ಅಮ್ಮ,” ಎಂದಳು.

“ಕೇಳ್ತಿಲ್ಲ ಕಣೆ,” ಎಂದು, ಅವನ ಮುಖ ನೋಡಿ ಗಟ್ಟಿಯಾಗಿ ಹೇಳಿದೆ: “ವಿ ವಿಲ್ ಗೋ ಅಂಡ್ ಕಮ್.”

ಅವನು ಏನಾದರೂ ಅನ್ನಲಿ ಎಂದು ನಾವು ಕಾಯಲಿಲ್ಲ.